ಮುಖ ಕಾಣದ ಪಾತ್ರಗಳು: ಡಬ್ಬಿಂಗ್ ಕಲಿಯುತ್ತಾ ಬಿ. ಜಯಶ್ರೀ ಅವರನ್ನು ಕೇಳಿಸಿಕೊಂಡಿದ್ದು

ಬಿ. ಜಯಶ್ರೀ ಅವರ ಮುಖ ನೋಡುವ ಎಷ್ಟೋ ವರ್ಷ ಮೊದಲೇ ನಾನು ಅವರ ದನಿ ಕೇಳಿದ್ದೆ. ಅದು ಅವರ ದನಿ ಅಂತ ಮಾತ್ರ ಗೊತ್ತಿರಲಿಲ್ಲ. ಎಂಬತ್ತರ ದಶಕದ ಕನ್ನಡ ಸಿನಿಮಾಗಳನ್ನು ಟಿವಿಯಲ್ಲಿ ನೋಡಿ ಬೆಳೆದವರಲ್ಲಿ ತುಂಬಾ ಜನರಿಗೆ ಹೀಗೇ ಆಗಿರುತ್ತದೆ. ಮಾಧವಿ, ಜಯಪ್ರದಾ ಅವರಂಥ ನಾಯಕಿಯರು ತೆರೆಯ ಮೇಲೆ ಸೊಗಸಾದ ಕನ್ನಡ ಮಾತಾಡುತ್ತಿದ್ದರು. ಇವರು ಬೇರೆ ಭಾಷೆಯಿಂದ ಬಂದವರು ಅನ್ನುವುದು ನಮ್ಮ ಮನಸ್ಸಿಗೆ ಬರುತ್ತಲೇ ಇರಲಿಲ್ಲ. ಆ ಕನ್ನಡದ ಹಿಂದೆ ಗುಬ್ಬಿ ನಾಟಕ ಕಂಪನಿಯ ಮನೆತನದ ಒಬ್ಬ ರಂಗನಟಿ ಇದ್ದರು ಅಂತ ನನಗೆ ತಿಳಿದಿದ್ದು ನಾನೇ ಡಬ್ಬಿಂಗ್ ಕಲಿಯಲು ಹೋದಾಗ.

ನಾನು ಬೆಂಗಳೂರಿನ ಒಂದು ಹವ್ಯಾಸಿ ತಂಡದಲ್ಲಿ ನಾಟಕ ಮಾಡುತ್ತೇನೆ. ಹಗಲು ಆಫೀಸು, ಸಂಜೆ ತಾಲೀಮು. ನಮ್ಮ ತಂಡದ ಹಿರಿಯರೊಬ್ಬರು ಒಂದು ದಿನ, "ದನಿ ಇದೆ, ಭಾಷೆ ಇದೆ, ಒಂದು ಸಲ ಸ್ಟುಡಿಯೋಗೆ ಬಂದು ನೋಡಮ್ಮ" ಅಂದರು. ಈಗ ಆ ಕೆಲಸ ಜಾಸ್ತಿಯಾಗಿದೆ. ಬೇರೆ ಭಾಷೆಯ ಸಿನಿಮಾಗಳನ್ನು ಕನ್ನಡಕ್ಕೆ ಡಬ್ ಮಾಡುವುದು ನಮ್ಮಲ್ಲಿ ದಶಕಗಳ ಕಾಲ ನಿಂತೇ ಹೋಗಿತ್ತು. ಚಿತ್ರರಂಗದ ಸಂಘಟನೆಗಳು ಹೀಗೆ ಡಬ್ಬಿಂಗ್ ತಡೆಯುವುದು ತಪ್ಪು ಅಂತ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂತು. ಆಮೇಲೆ ನಿಧಾನಕ್ಕೆ ದಾರಿ ತೆರೆಯಿತು. ಈಗ ತೆಲುಗು, ತಮಿಳು, ಹಿಂದಿಯ ದೊಡ್ಡ ಸಿನಿಮಾಗಳು ಕನ್ನಡದ ದನಿಯಲ್ಲೂ ಬರುತ್ತವೆ. ಆ ಹಳೆಯ ಜಗಳದ ಸರಿ ತಪ್ಪು ಇಲ್ಲಿ ಬೇಡ. ಆದರೆ ಇನ್ನೊಂದು ಬಗೆಯ ಡಬ್ಬಿಂಗ್ ನಮ್ಮ ಸಿನಿಮಾದಲ್ಲಿ ಯಾವತ್ತೂ ನಿಂತಿರಲಿಲ್ಲ. ಹೊರಗಿನಿಂದ ಬಂದ ನಾಯಕಿಗೆ ಕನ್ನಡದವರು ಯಾರಾದರೂ ದನಿ ಕೊಡಲೇಬೇಕಿತ್ತು. ಜಯಶ್ರೀ ಅವರು ಮಾಡಿದ್ದು ಆ ಕೆಲಸ.

ವಾಯ್ಸ್ ಟೆಸ್ಟ್ ದಿನ ಮೊದಲು ಹೇಳಿದ್ದೇ ಬಳೆ ತೆಗೆಯಿರಿ ಅಂತ. ರೇಷ್ಮೆ ಸೀರೆ, ಗರಿಗರಿ ಬಟ್ಟೆ ಹಾಕಿಕೊಂಡು ಬರುವ ಹಾಗಿಲ್ಲ. ಚಪ್ಪಲಿ ಹೊರಗೆ. ಹಸಿದ ಹೊಟ್ಟೆಯಲ್ಲಿ ಬಂದರೆ ಹೊಟ್ಟೆಯ ಗುಡುಗುಡು ಕೂಡ ಮೈಕಿಗೆ ಬೀಳುತ್ತದೆ, ಹಾಗಾಗಿ ಸ್ವಲ್ಪ ಏನಾದರೂ ತಿಂದೇ ಬರಬೇಕು. ಸಣ್ಣ ರೂಮು, ಗೋಡೆಗೆಲ್ಲ ಸ್ಪಾಂಜು. ಎದುರಿಗೆ ಮೈಕು, ಅದರ ಪಕ್ಕ ಒಂದು ಪರದೆ. ಗಾಜಿನ ಆಚೆ ಸೌಂಡ್ ಎಂಜಿನಿಯರ್ ಮತ್ತು ಡಬ್ಬಿಂಗ್ ನಡೆಸಿಕೊಡುವವರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡೆ. ತೆಲುಗಿನ ಒಂದು ದೃಶ್ಯ ಓಡಿತು. ತಾಯಿ ಮಗನಿಗೆ ಬೈಯುವ ದೃಶ್ಯ. ನನ್ನ ಮುಂದೆ ಕನ್ನಡದ ಮಾತು ಬರೆದ ಹಾಳೆ.

ನಾನು ಬೈದೆ. ರಂಗಮಂದಿರದ ಕೊನೆಯ ಸಾಲಿಗೆ ಕೇಳುವ ಹಾಗೆ ಬೈದೆ. ಗಾಜಿನ ಆಚೆಯವರು ನಗಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಹೆಡ್‌ಫೋನಿನಲ್ಲಿ ಮೆಲ್ಲಗೆ ಹೇಳಿದರು: "ಮೇಡಂ, ಮಗ ಪಕ್ಕದಲ್ಲೇ ಕೂತಿದ್ದಾನೆ. ಮೈಕು ಅವನ ಕಿವಿ ಅಂದ್ಕೊಳ್ಳಿ."

ನಾಟಕದವರು ಡಬ್ಬಿಂಗಿಗೆ ಹೋದಾಗ ಕಲಿಯಬೇಕಾದ ಮೊದಲ ಪಾಠ ಅದು. ದನಿಯನ್ನು ಎಸೆಯುವುದು ನಮಗೆ ಅಭ್ಯಾಸ. ಮೈಕಿನ ಮುಂದೆ ಅದನ್ನು ಹತ್ತಿರ ಎಳೆದುಕೊಳ್ಳಬೇಕು. ಹಾಗಂತ ದನಿಯ ಬಲ ಕಡಿಮೆ ಮಾಡುವ ಹಾಗೂ ಇಲ್ಲ. ಬಲ ಕಡಿಮೆಯಾದರೆ ಮಾತು ಸತ್ತುಹೋಗುತ್ತದೆ. ಜೋರಿಲ್ಲದೆ ಬಲ ಇರಬೇಕು. ಇದು ಹೇಳುವುದಕ್ಕೆ ಸುಲಭ, ಗಂಟಲಿಗೆ ಬರಲು ತಿಂಗಳುಗಳೇ ಬೇಕಾದವು.

ಮೊದಮೊದಲು ನನಗೆ ಸಿಕ್ಕಿದ್ದು ಕ್ರೌಡ್ ಕೆಲಸ. ಐದಾರು ಜನ ಮೈಕಿನಿಂದ ಸ್ವಲ್ಪ ದೂರ ನಿಂತು ಸಂತೆಯಾಗಬೇಕು, ಮದುವೆ ಮನೆಯಾಗಬೇಕು, ಆಸ್ಪತ್ರೆಯ ವರಾಂಡವಾಗಬೇಕು. ಯಾರ ಮಾತೂ ಬಿಡಿಬಿಡಿಯಾಗಿ ಕೇಳಬಾರದು, ಆದರೆ ಎಲ್ಲವೂ ಕನ್ನಡ ಅಂತ ಗೊತ್ತಾಗಬೇಕು. ಅಲ್ಲಿ ನನಗೆ ಪರಿಚಯವಾದ ಒಬ್ಬ ಹಿರಿಯ ಕಲಾವಿದೆಯನ್ನು ನಾವೆಲ್ಲ ಅಕ್ಕ ಅಂತಲೇ ಕರೆಯುತ್ತೇವೆ. ಅವರು ಲೂಪ್ ಕಾಲದಿಂದ ಈ ಕೆಲಸ ಮಾಡಿದವರು. ಆಗ ದೃಶ್ಯದ ಫಿಲ್ಮನ್ನು ತುಂಡು ಮಾಡಿ, ತುದಿ ತುದಿ ಜೋಡಿಸಿ, ಸುತ್ತಿ ಸುತ್ತಿ ಓಡಿಸುತ್ತಿದ್ದರಂತೆ. ಅದೇ ತುಣುಕು ಮತ್ತೆ ಮತ್ತೆ ತೆರೆಯ ಮೇಲೆ ಬರುತ್ತಿತ್ತು. ದೃಶ್ಯದಲ್ಲಿ ಇರುವವರೆಲ್ಲ ಒಂದೇ ಮೈಕಿನ ಸುತ್ತ ನಿಲ್ಲಬೇಕು. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಹೇಳಬೇಕು. ಈಗ ನಾವು ಒಬ್ಬೊಬ್ಬರೇ ಹೋಗಿ ನಮ್ಮ ನಮ್ಮ ಸಾಲು ಹೇಳಿ ಬರುತ್ತೇವೆ. ತಪ್ಪಿದ ಒಂದು ಪದವನ್ನಷ್ಟೇ ಮತ್ತೆ ಹೇಳಿಸಿ ಅದೇ ಜಾಗಕ್ಕೆ ಪಂಚ್ ಮಾಡುತ್ತಾರೆ, ಅಂದರೆ ಸೇರಿಸುತ್ತಾರೆ. "ನಿಮಗೆ ಸುಲಭ ಆಗಿದೆ, ಆದ್ರೆ ಎದುರಿನವರ ಉಸಿರು ಸಿಗಲ್ಲ ನೋಡಿ" ಅಂತ ಅಕ್ಕ ಹೇಳಿದ್ದು ನನಗೆ ಮರೆಯುವುದಿಲ್ಲ.

ಅಕ್ಕನೇ ಜಯಶ್ರೀ ಅವರ ಹೆಸರು ಎತ್ತಿದ್ದು. "ರಾಜಕುಮಾರ್ ಪಿಕ್ಚರ್ ಹಾಕ್ಕೊಂಡು ಕಣ್ಮುಚ್ಚಿ ಕೇಳು. ಹೀರೋಯಿನ್ ಮಾತು ಎಲ್ಲಿ ಉಸಿರು ತಗೊಳ್ಳುತ್ತೆ ಅಂತ ನೋಡು" ಅಂದರು. ಅವತ್ತಿನಿಂದ ಅದು ನನ್ನ ರಾತ್ರಿಯ ಅಭ್ಯಾಸವಾಯಿತು. ಊಟ ಆದ ಮೇಲೆ ಫೋನನ್ನು ಮುಖ ಕೆಳಗೆ ಮಾಡಿ ಇಟ್ಟು, ಹಳೆಯ ಸಿನಿಮಾಗಳನ್ನು ಸುಮ್ನೆ ಕೇಳುವುದು. ಒಂದೊಂದು ಅಕ್ಷರವೂ ಬಿಡಿಸಿ ಕೇಳುತ್ತಿತ್ತು. ಅಳುವಾಗಲೂ ಮಾತು ಕಲಸಿಹೋಗುತ್ತಿರಲಿಲ್ಲ. ಗಂಟಲು ಕಟ್ಟಿದ ಹಾಗೆ ಇರುತ್ತಿತ್ತು, ಆದರೂ 'ಳ'ಕಾರ 'ಳ'ಕಾರವೇ, ಒತ್ತಕ್ಷರ ಒತ್ತಕ್ಷರವೇ. ಇದು ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದಾಗ ಅವರ ಜೀವನ ನನ್ನ ಮುಂದೆ ಬಿಚ್ಚಿಕೊಂಡಿತು.

ಜಯಶ್ರೀ ಹುಟ್ಟಿದ್ದು 1950ರಲ್ಲಿ, ಬೆಂಗಳೂರಿನಲ್ಲಿ. ತಾಯಿ ಜಿ.ವಿ. ಮಾಲತಮ್ಮ ರಂಗನಟಿ. ತಾಯಿಯ ತಂದೆ ಗುಬ್ಬಿ ವೀರಣ್ಣ. ಆ ಹೆಸರಿನ ಮುಂದೆ ವಿವರಣೆ ಬೇಕಿಲ್ಲ, ಅಲ್ವಾ? ಆದರೂ ಹೊಸಬರಿಗಾಗಿ ಎರಡು ಮಾತು. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಶುರುವಾದ ನಾಟಕ ಮಂಡಳಿಗೆ ವೀರಣ್ಣ ಹುಡುಗನಾಗಿದ್ದಾಗಲೇ ಸೇರಿದರು, ಮುಂದೆ ಅದರ ಮಾಲೀಕರಾದರು. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನು ರಂಗಕ್ಕೆ ತಂದ ಕಂಪನಿ ಅದು. ಬಿ.ವಿ. ಕಾರಂತ, ಜಿ.ವಿ. ಅಯ್ಯರ್, ನರಸಿಂಹರಾಜು ಎಲ್ಲ ಅಲ್ಲಿ ಉಂಡು, ಅಲ್ಲಿ ಕಲಿತವರು. ಅಂಥ ಮನೆಯಲ್ಲಿ ಮಗುವಿಗೆ ಬಣ್ಣ ಹಚ್ಚುವುದಕ್ಕೆ ಯಾರೂ ಮುಹೂರ್ತ ನೋಡುವುದಿಲ್ಲ. ಜಯಶ್ರೀ ತೀರಾ ಚಿಕ್ಕ ವಯಸ್ಸಿನಲ್ಲೇ ರಂಗಕ್ಕೆ ಬಂದರು.

ಕಂಪನಿ ನಾಟಕದ ದನಿಗೆ ಒಂದು ಕಟ್ಟುನಿಟ್ಟು ಇತ್ತು. ಮೈಕು ಬರುವುದಕ್ಕೆ ಮೊದಲೇ ಕಟ್ಟಿಕೊಂಡ ಪದ್ಧತಿ ಅದು. ಹಾಡಿನ ಮಟ್ಟು ಎಷ್ಟೇ ಏರಿದರೂ ಸಾಹಿತ್ಯ ಪ್ರೇಕ್ಷಕನಿಗೆ ತಿಳಿಯಬೇಕು. ಯಾಕೆಂದರೆ ಕಥೆ ಹಾಡಿನಲ್ಲೇ ಮುಂದೆ ಹೋಗುತ್ತಿತ್ತು. ಒಂದು ಪದ ಕೇಳಿಸದಿದ್ದರೆ ಹಿಂದೆ ಕೂತವನಿಗೆ ಕಥೆಯೇ ತಪ್ಪುತ್ತಿತ್ತು. ನಾನು ಫೋನಿನಲ್ಲಿ ಕೇಳುತ್ತಿದ್ದ ಆ ಬಿಡಿಬಿಡಿ ಅಕ್ಷರಗಳ ಬೇರು ಅಲ್ಲಿತ್ತು.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಹೇಳಬೇಕು. ರಾಜಕುಮಾರ್ ಕೂಡ ಹುಡುಗನಾಗಿದ್ದಾಗ ತಂದೆ ಪುಟ್ಟಸ್ವಾಮಯ್ಯನವರ ಜೊತೆ ಗುಬ್ಬಿ ಕಂಪನಿಯಲ್ಲಿ ಇದ್ದವರು. ಅವರು ನಾಯಕರಾಗಿ ಬಂದ 1954ರ 'ಬೇಡರ ಕಣ್ಣಪ್ಪ' ತಯಾರಾಗಿದ್ದೂ ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಹೆಸರಿನಲ್ಲಿ. ಅಂದರೆ ರಾಜಕುಮಾರ್ ಎದುರು ಜಯಶ್ರೀ ಅವರು ನಾಯಕಿಗೆ ದನಿ ಕೊಟ್ಟಾಗ, ತೆರೆಯ ಮೇಲೆ ಬೇರೆ ಬೇರೆ ರಾಜ್ಯದ ಎರಡು ಮುಖಗಳು ಇದ್ದರೂ ಮಾತಾಡುತ್ತಿದ್ದ ಎರಡೂ ದನಿ ಒಂದೇ ಕಂಪನಿಯವು. ಆ ಜೋಡಿಗಳ ಮಾತು ಅಷ್ಟು ಹದವಾಗಿ ಕೂಡಿಕೊಳ್ಳುತ್ತಿದ್ದುದಕ್ಕೆ ಇದೂ ಒಂದು ಕಾರಣ ಅಂತ ನಾನು ನಂಬಿದ್ದೇನೆ. ಇದು ನನ್ನ ಕಿವಿಯ ತೀರ್ಮಾನ. ನೀವೂ ಒಮ್ಮೆ ಕೇಳಿ ನೋಡಿ.

ಮತ್ತೆ ಸ್ಟುಡಿಯೋಗೆ ಬರುತ್ತೇನೆ. ಕ್ರೌಡ್ ಆದ ಮೇಲೆ ಕಲಿತಿದ್ದು ಉಸಿರು. ಮಾತಿಲ್ಲದ ಸದ್ದುಗಳಿಗೆ ಅಲ್ಲಿ ರಿಯಾಕ್ಷನ್ ಅನ್ನುತ್ತಾರೆ. ಬೆಚ್ಚಿಬೀಳುವುದು, ಬಿಕ್ಕುವುದು, ಊಟ ಮಾಡುತ್ತಾ ಹೂಂಗುಟ್ಟುವುದು, ಮೆಟ್ಟಿಲು ಹತ್ತಿ ಬಂದ ಮೇಲಿನ ಏದುಸಿರು. ನಾಟಕದಲ್ಲಿ ಇವೆಲ್ಲ ಮೈಯಿಂದ ತಾನಾಗಿ ಬರುತ್ತವೆ. ಇಲ್ಲಿ ಮೈ ಇನ್ನೊಬ್ಬರದು. ಆಕೆ ಎಲ್ಲಿ ಉಸಿರು ಎಳೆದಳೋ ಅಲ್ಲೇ ನಾನೂ ಎಳೆಯಬೇಕು. ಕೂತು ಹೇಳಿದರೆ ಬರುವುದಿಲ್ಲ. ನಿಂತೇ ಹೇಳಬೇಕು. ಕೈ ಆಡಿಸಬಹುದು, ತಲೆ ಅಲ್ಲಾಡಿಸಬಹುದು, ಕಾಲು ಮಾತ್ರ ಕದಲಬಾರದು. ಕದಲಿದರೆ ನೆಲದ ಸದ್ದು ಮೈಕಿಗೆ ಬೀಳುತ್ತದೆ, ಬಾಯಿಗೂ ಮೈಕಿಗೂ ಇರುವ ದೂರ ತಪ್ಪುತ್ತದೆ. ಕಿರುಚುವ, ಗೋಳಾಡುವ ದೃಶ್ಯಗಳನ್ನು ದಿನದ ಕೊನೆಗೆ ಇಟ್ಟುಕೊಳ್ಳುತ್ತಾರೆ. ಬೆಳಿಗ್ಗೆಯೇ ಕಿರುಚಿಬಿಟ್ಟರೆ ಉಳಿದ ಮಾತಿಗೆ ಗಂಟಲು ಇರುವುದಿಲ್ಲ.

ಆಮೇಲೆ ತುಟಿ. ಪ, ಬ, ಮ ಹೇಳುವಾಗ ತುಟಿ ಮುಚ್ಚುತ್ತದೆ. ಮುಖ ಹತ್ತಿರ ಕಾಣುವ ಶಾಟಿನಲ್ಲಿ ನಟಿಯ ತುಟಿ ಮುಚ್ಚಿದ ಜಾಗದಲ್ಲಿ ನನ್ನ ಮಾತಿನಲ್ಲೂ ಅಂಥದೊಂದು ಅಕ್ಷರ ಬರಬೇಕು. ಇಲ್ಲದಿದ್ದರೆ ನೋಡುವವರಿಗೆ ಏನೋ ಸರಿ ಇಲ್ಲ ಅನಿಸುತ್ತದೆ. ಹಾಳೆಯಲ್ಲಿ ಬರೆದ ಮಾತು ಕೂರದಿದ್ದರೆ ಅಲ್ಲೇ ಬದಲಿಸುತ್ತಾರೆ. ಒಳ್ಳೆಯ ಡಬ್ಬಿಂಗ್ ಕಲಾವಿದರಿಗೆ ಹತ್ತು ಸಮಾನ ಪದಗಳು ನಾಲಿಗೆಯ ತುದಿಯಲ್ಲೇ ಇರುತ್ತವೆ. ಅಕ್ಕ ಈ ವಿಷಯದಲ್ಲಿ ಗಟ್ಟಿಗಿತ್ತಿ. ಮಾತು ಬರೆದವರೇ ಅವರ ಕಡೆ ತಿರುಗಿ, "ಅಕ್ಕಾ, ಇದಕ್ಕೆ ಏನು ಹಾಕೋಣ?" ಅಂತ ಕೇಳುತ್ತಾರೆ.

ಈ ಹಂತದಲ್ಲಿ ನನ್ನೊಳಗೆ ಒಂದು ತಳಮಳ ಎದ್ದಿತು. ನಾಟಕದಲ್ಲಿ ನಾನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಓಡಬೇಕು ಅನ್ನುವುದು ನನ್ನ ಕೈಯಲ್ಲಿದೆ. ಪ್ರೇಕ್ಷಕರ ಉಸಿರು ನೋಡಿಕೊಂಡು ಮಾತು ತಡೆಯಬಹುದು. ಇಲ್ಲಿ ಎಲ್ಲವನ್ನೂ ಇನ್ನೊಬ್ಬ ನಟಿ ಆಗಲೇ ತೀರ್ಮಾನಿಸಿ ಹೋಗಿದ್ದಾಳೆ. ನಮ್ಮ ತಂಡದಲ್ಲಿ ಕೆಲವರು, "ಇದು ನಟನೆಯೇ ಅಲ್ಲ, ಬರೀ ಕೂಲಿ" ಅಂದರು. ಆ ಮಾತು ಚುಚ್ಚಿತು. ಉತ್ತರ ಹುಡುಕಿದಾಗಲೂ ನನಗೆ ಜಯಶ್ರೀ ಅವರ ಬದುಕೇ ಎದುರು ಬಂತು.

ನೋಡಿ, ಕಂಪನಿಯ ಮಗಳು ಅಲ್ಲಿಗೇ ನಿಲ್ಲಲಿಲ್ಲ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು. ಆಗ ಅದರ ನಿರ್ದೇಶಕರಾಗಿದ್ದ ಇಬ್ರಾಹಿಂ ಅಲ್ಕಾಜಿ ಅವರ ಕೈಕೆಳಗೆ ಕಲಿತು 1973ರಲ್ಲಿ ಪದವಿ ಮುಗಿಸಿದರು. ಹಾಡಿನ, ಬಣ್ಣದ, ಪರದೆಯ ಲೋಕದಿಂದ ಬಂದವರು ಅಲ್ಲಿ ಆಧುನಿಕ ರಂಗಭೂಮಿಯ ಶಿಸ್ತು ಕಲಿತರು. ವಾಪಸ್ ಬಂದು 1976ರಲ್ಲಿ ಬೆಂಗಳೂರಿನಲ್ಲಿ 'ಸ್ಪಂದನ' ತಂಡ ಕಟ್ಟಿದರು. ಆಗ ಅವರಿಗೆ ಇಪ್ಪತ್ತಾರು ವರ್ಷ. ಆ ಕಾಲದಲ್ಲಿ ಒಬ್ಬ ಹೆಣ್ಣುಮಗಳು ತಂಡ ಕಟ್ಟಿ, ತಾನೇ ನಿರ್ದೇಶಿಸಿ, ತಾನೇ ಹಾಡಿ, ತಾನೇ ಮುಂದೆ ನಿಂತು ನಡೆಸಿದ್ದು ಸಣ್ಣ ಮಾತಲ್ಲ. 'ಲಕ್ಷಾಪತಿ ರಾಜನ ಕಥೆ', ಚಂದ್ರಶೇಖರ ಕಂಬಾರರ ಕಾದಂಬರಿಯಿಂದ ಬಂದ 'ಕರಿಮಾಯಿ' ಅವರ ಹೆಸರಿನ ಜೊತೆ ಸೇರಿಹೋದ ನಾಟಕಗಳು. ಜನಪದದ ಕುಣಿತ, ಹಾಡು, ಹಳ್ಳಿಯ ಮಾತು ಎಲ್ಲ ಅವರ ರಂಗದಲ್ಲಿ ಉಸಿರಾಡಿದವು.

ಇಡೀ ತಂಡದ ಉಸಿರನ್ನು ತನ್ನ ಕೈಯಲ್ಲಿ ಹಿಡಿದು ನಡೆಸುವ ನಿರ್ದೇಶಕಿ ಅದೇ ಕಾಲದ ಸಿನಿಮಾಗಳಿಗೆ ಕತ್ತಲೆಯ ಡಬ್ಬಿಂಗ್ ಥಿಯೇಟರಿನಲ್ಲಿ ನಿಂತು ಇನ್ನೊಬ್ಬಳ ಉಸಿರಿಗೆ ತನ್ನ ಉಸಿರು ಹೊಂದಿಸಿದರು. ಇದನ್ನು ಕೂಲಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ತನ್ನ ಮುಖವನ್ನು ಪೂರ್ತಿ ಪಕ್ಕಕ್ಕಿಟ್ಟು ಪಾತ್ರ ಮಾಡುವುದು ನಟನೆಯ ಬಹಳ ಕಷ್ಟದ ಬಗೆ. ಚಪ್ಪಾಳೆ ಇಲ್ಲ. ಎಷ್ಟೋ ಸಿನಿಮಾಗಳಲ್ಲಿ ಹೆಸರೂ ಇರುವುದಿಲ್ಲ. ನಟಿಯೊಬ್ಬರ ಬದುಕನ್ನು ಬರೆಯುವಾಗ ನಾವು ತೆರೆಯ ಮೇಲೆ ಕಂಡ ಪಾತ್ರಗಳ ಪಟ್ಟಿ ಕೊಟ್ಟು ಮುಗಿಸುತ್ತೇವೆ. ದನಿ ಕೊಟ್ಟಿದ್ದನ್ನು 'ಹಾಗೂ ಕಂಠದಾನ ಕಲಾವಿದೆ' ಅಂತ ಕೊನೆಯ ಸಾಲಿಗೆ ತಳ್ಳುತ್ತೇವೆ. ಅದು ಅನ್ಯಾಯ. ಲಕ್ಷಾಂತರ ಜನ ಅತ್ತಿದ್ದು ಆ ದನಿ ಕೇಳಿಯೇ ತಾನೇ?

ಒಂದು ವಿಷಯ ಮಾತ್ರ ನನ್ನನ್ನು ಕಾಡುತ್ತದೆ. ನಮ್ಮ ಸಿನಿಮಾ ನಾಯಕಿಯರಿಗೆ ಬಹಳ ಕಾಲ ಒಂದೇ ಬಗೆಯ ಕನ್ನಡ ಸಿಕ್ಕಿತು. ತಿದ್ದಿ ತೀಡಿದ, ಯಾವ ಊರಿನದೂ ಅಲ್ಲದ ಕನ್ನಡ. ನಾಯಕಿ ಹಳ್ಳಿಯವಳಾದರೂ ಎಷ್ಟೋ ಸಲ ಹಾಗೇ ಮಾತಾಡಿದಳು. ಇವತ್ತಿಗೂ ನನಗೆ ಸ್ಟುಡಿಯೋದಲ್ಲಿ, "ಸ್ವಲ್ಪ ನ್ಯೂಟ್ರಲ್ ಆಗಿ ಹೇಳಿ ಮೇಡಂ" ಅನ್ನುತ್ತಾರೆ. ನಾನು ತುಮಕೂರಿನ ಕಡೆಯವಳು, ನನ್ನ ಮಾತಿನ ಎಳೆತವನ್ನು ಒರೆಸಿ ಹಾಕಬೇಕಾಗುತ್ತದೆ. ಜಯಶ್ರೀ ಅವರ ಗಂಟಲಿನಲ್ಲಿ ಎರಡೂ ಇದ್ದವು ಅನ್ನುವುದು ನನಗೆ ಧೈರ್ಯ ಕೊಟ್ಟ ಸಂಗತಿ. ಸಿನಿಮಾಕ್ಕೆ ಆ ನಯವಾದ ಕನ್ನಡ, 'ಕರಿಮಾಯಿ'ಗೆ ಉತ್ತರ ಕರ್ನಾಟಕದ ಮಣ್ಣಿನ ಮಾತು. ಮುಂದೆ 1997ರಲ್ಲಿ ಟಿ.ಎಸ್. ನಾಗಾಭರಣರ 'ನಾಗಮಂಡಲ' ಬಂದಾಗ ಅವರು ಕುರುಡವ್ವನಾಗಿ ತೆರೆಗೆ ಬಂದರು. ಮುಖವೂ ಅವರದೇ, ದನಿಯೂ ಅವರದೇ, ಮಾತು ಉತ್ತರ ಕರ್ನಾಟಕದ್ದು. ಕಣ್ಣು ಕಾಣದ ಮುದುಕಿಯ ಪಾತ್ರ. ಅವಳಿಗೆ ಲೋಕವೆಲ್ಲ ಕಿವಿಯಿಂದ, ಕೈಯಿಂದ. ನಾನು ಆ ಸಿನಿಮಾವನ್ನು ಮೊದಲು ಕೇಳಿ, ಆಮೇಲೆ ನೋಡಿದೆ. ಎಷ್ಟೋ ವರ್ಷ ಬರೀ ದನಿಯಾಗಿ ಸಿನಿಮಾದಲ್ಲಿದ್ದವರು ಹೀಗೆ ಇಡಿಯಾಗಿ ಕಂಡಾಗ ನನಗೆ ಕಣ್ಣು ತುಂಬಿತು.

ಹೊಸ ತಲೆಮಾರಿನವರಿಗೆ ಅವರ ದನಿ ಇನ್ನೊಂದು ದಾರಿಯಲ್ಲಿ ತಲುಪಿತು. 2001ರ 'ನನ್ನ ಪ್ರೀತಿಯ ಹುಡುಗಿ' ಚಿತ್ರದ 'ಕಾರ್ ಕಾರ್' ಹಾಡು. ಆ ಗಂಟಲಿನ ಗತ್ತು ಕೇಳಿ ಯಾರಪ್ಪ ಇದು ಅಂತ ಕೇಳಿದವರು ನನ್ನ ಕಾಲೇಜಿನಲ್ಲೇ ಬೇಕಾದಷ್ಟು ಜನ ಇದ್ದರು.

ಪ್ರಶಸ್ತಿಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನ, 2013ರಲ್ಲಿ ಪದ್ಮಶ್ರೀ. ಅಜ್ಜ ವೀರಣ್ಣನವರಿಗೂ ಪದ್ಮಶ್ರೀ ಬಂದಿತ್ತು.

ಅಜ್ಜನ ಹೆಸರು ಬಂದಿದ್ದಕ್ಕೆ 'ಸದಾರಮೆ'ಯ ಮಾತು ಹೇಳಲೇಬೇಕು. ಆ ನಾಟಕದ ಕಳ್ಳನ ಪಾತ್ರ ವೀರಣ್ಣನವರಿಗೆ ಹೆಸರು ತಂದುಕೊಟ್ಟ ಪಾತ್ರ. ಮೊಮ್ಮಗಳು ಅದೇ ಕಳ್ಳನಾಗಿ ರಂಗಕ್ಕೆ ಬಂದರು. ನಾನು ಅದನ್ನು ನೋಡಲು ಹೋದಾಗ ಡಬ್ಬಿಂಗ್ ಕಲಿಯುತ್ತಿದ್ದ ದಿನಗಳು, ಕಿವಿ ಚುರುಕಾಗಿತ್ತು. ಗಂಡಸಿನ ಪಾತ್ರ ಅಂತ ಅವರು ದನಿಯನ್ನು ಬಲವಂತವಾಗಿ ದಪ್ಪ ಮಾಡಿರಲಿಲ್ಲ. ಮಾತಿನ ನಡೆಯನ್ನೇ ಬದಲಿಸಿದ್ದರು. ಎಲ್ಲಿ ಎಳೆಯಬೇಕು, ಎಲ್ಲಿ ಕತ್ತರಿಸಬೇಕು ಅನ್ನುವುದರಲ್ಲೇ ಕಳ್ಳ ಹುಟ್ಟಿಕೊಂಡಿದ್ದ. ಮುಂದಿನ ವಾರ ಸ್ಟುಡಿಯೋದಲ್ಲಿ ನನಗೆ ಒಬ್ಬ ಹುಡುಗನ ದನಿ ಕೊಡಿ ಅಂದಾಗ ಅದೇ ದಾರಿ ಹಿಡಿದೆ. ಗಂಟಲು ಹಿಂಡುವುದನ್ನು ಬಿಟ್ಟು ಮಾತಿನ ಓಟ ಬದಲಿಸಿದೆ. ಎರಡನೇ ಟೇಕಿಗೆ ಓಕೆ ಆಯಿತು.

ಕೊನೆಗೆ ನನಗೂ ಒಂದು ಪೂರ್ತಿ ಪಾತ್ರ ಸಿಕ್ಕಿತು. ತೆಲುಗಿನಿಂದ ಬಂದ ಸಿನಿಮಾ, ನಾಯಕನ ತಾಯಿ. ಅದರಲ್ಲಿ ಒಂದು ದೃಶ್ಯ ಇತ್ತು. ಮಗ ಮನೆ ಬಿಟ್ಟು ಹೊರಟಿದ್ದಾನೆ, ತಾಯಿ ಬಾಗಿಲ ಹತ್ತಿರ ನಿಂತು ಊಟ ಮಾಡಿಕೊಂಡು ಹೋಗು ಅನ್ನುತ್ತಾಳೆ. ಅಷ್ಟೇ ಮಾತು. ಎಷ್ಟು ಸಲ ಹೇಳಿದರೂ ಗಾಜಿನ ಆಚೆಯವರು ತಲೆ ಅಲ್ಲಾಡಿಸುತ್ತಿದ್ದರು. ತುಟಿ ಕೂರುತ್ತಿತ್ತು, ಮಾತು ಕೂರುತ್ತಿರಲಿಲ್ಲ. ಆಗ ನನಗೆ ಹೊಳೆದದ್ದು ನಾಟಕದ ಪಿಸುಮಾತು. ರಂಗದ ಮೇಲೆ ಪಿಸುಗುಟ್ಟಿದರೂ ಕೊನೆಯ ಸಾಲಿಗೆ ಕೇಳಬೇಕು. ಅದಕ್ಕೆ ನಾವು ದನಿ ಏರಿಸುವುದಿಲ್ಲ, ವ್ಯಂಜನಗಳನ್ನು ಒತ್ತಿ ಹೇಳುತ್ತೇವೆ. ಹಾಗೇ ಮಾಡಿದೆ. ದನಿ ಪೂರ್ತಿ ಇಳಿಸಿ, ಅಕ್ಷರಗಳನ್ನು ಮಾತ್ರ ಬಿಗಿಯಾಗಿ ಹಿಡಿದೆ. ಮಾತು ಮುಗಿದ ಮೇಲೆ ಆ ತಾಯಿ ಎಳೆದುಕೊಂಡ ಉಸಿರನ್ನೂ ಎಳೆದೆ. ಆಚೆಯಿಂದ ಎಂಜಿನಿಯರ್ ಹೆಬ್ಬೆರಳು ಎತ್ತಿದರು. ಕಂಪನಿ ನಾಟಕದ ಕಲಿಕೆ ಮೈಕಿನ ಮುಂದೆ ವ್ಯರ್ಥವಾಗುವುದಿಲ್ಲ ಅಂತ ನನ್ನ ಗಂಟಲಿಗೇ ಗೊತ್ತಾದ ದಿನ ಅದು.

ಈಗ ಒಂದು ಹೊಸ ಕೆಲಸ ಶುರು ಮಾಡಿದ್ದೇನೆ. ಯಾವ ಹಳೆಯ ಸಿನಿಮಾದಲ್ಲಿ ಯಾವ ನಟಿಗೆ ಯಾರು ದನಿ ಕೊಟ್ಟರು ಅಂತ ಹಿರಿಯರನ್ನು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಟೈಟಲ್ ಕಾರ್ಡಿನಲ್ಲಿ ಇಲ್ಲದ್ದು ಅವರ ನೆನಪಿನಲ್ಲಿ ಮಾತ್ರ ಇದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪುವವರೆಗೂ ಪೆನ್ಸಿಲ್ಲಿನಲ್ಲೇ ಇರುತ್ತದೆ, ಒಪ್ಪಿದ ಮೇಲೆ ಪೆನ್ನು. ಸದ್ಯಕ್ಕೆ ಒಂದು ಚಿತ್ರದ ನಾಯಕಿಯ ಬಗ್ಗೆ ಅಕ್ಕನಿಗೂ ನಮ್ಮ ತಂಡದ ಹಿರಿಯರಿಗೂ ಜೋರು ವಾದ ನಡೆದಿದೆ. ಭಾನುವಾರ ಇಬ್ಬರೂ ನಮ್ಮ ಮನೆಗೆ ಬರುತ್ತಾರೆ. ಆ ಸಿನಿಮಾ ಹಾಕಿ, ಕೂತು ಕೇಳಿ, ತೀರ್ಮಾನ ಮಾಡಬೇಕು.